ದನಕ್ಕೂ ಆಯಿಗೂ ಒಂದೇ ಇಂಜೆಕ್ಷನ್: ಕೊಟ್ಟಿಗೆ, ಸಿಗಡಿ ಹೊಂಡ ಮತ್ತು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ

ಕಳೆದ ಮಳೆಗಾಲದಲ್ಲಿ ಹೊನ್ನಾವರ ತಾಲೂಕಿನ ನಮ್ಮ ಮನೆಯಲ್ಲಿ ಎರಡು ಕಾಯಿಲೆ ಒಟ್ಟೊಟ್ಟಿಗೆ ಬಂದವು. ಕೊಟ್ಟಿಗೆಯಲ್ಲಿ ದನಕ್ಕೆ ಕೆಚ್ಚಲು ಬಾವು. ಮನೆಯೊಳಗೆ ಆಯಿಗೆ ಜ್ವರ, ಉರಿಮೂತ್ರ. ದನಕ್ಕೆ ಇಂಜೆಕ್ಷನ್ ಕೊಟ್ಟರು, ಮೂರು ದಿನಕ್ಕೆ ಬಾವು ಇಳೀತು. ಆಯಿಗೂ ಇಂಜೆಕ್ಷನ್ ಕೊಟ್ಟರು, ಐದು ದಿನವಾದ್ರೂ ಜ್ವರ ಬಿಡಲಿಲ್ಲ. ಖಾಲಿ ಬಾಟಲಿಗಳನ್ನ ಎಸೆಯೋಕೆ ಹೋದಾಗ ಲೇಬಲ್ ಓದಿದೆ. ಎರಡರ ಮೇಲೂ ಒಂದೇ ಹೆಸರು, ಸೆಫ್ಟ್ರಿಯಾಕ್ಸೋನ್. ದನದ ಬಾಟಲಿ ಮೂರು ಗ್ರಾಮಿನದು, ಆಯಿಯದು ಒಂದು ಗ್ರಾಮಿನದು. ಅಷ್ಟೇ ವ್ಯತ್ಯಾಸ.

ಆಮೇಲೆ ಆಯಿಯನ್ನ ಜಿಲ್ಲೆ ದಾಟಿಸಿ ಉಡುಪಿ ಕಡೆ ಕರ್ಕೊಂಡು ಹೋದ್ವಿ. ಅಲ್ಲಿ ಮೂತ್ರದ ಕಲ್ಚರ್ ಮಾಡಿಸಿದ್ರು. ಎರಡು ದಿನ ಬಿಟ್ಟು ಬಂದ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು ಇ. ಕೋಲಿ ಅಂತಿತ್ತು. ಅದರ ಕೆಳಗೆ ಔಷಧಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಒಂದು ಅಕ್ಷರ. 'ಎಸ್' ಅಂದ್ರೆ ಆ ಔಷಧಕ್ಕೆ ಬಗ್ಗುತ್ತೆ, 'ಆರ್' ಅಂದ್ರೆ ಬಗ್ಗಲ್ಲ. ಪಟ್ಟಿ ತುಂಬ 'ಆರ್'. ಸೆಫ್ಟ್ರಿಯಾಕ್ಸೋನ್ ಮುಂದೆಯೂ 'ಆರ್'. ಬೇರೆ ಔಷಧ ಕೊಟ್ಟರು, ಆಯಿ ಗುಣವಾಗಿ ಮನೆಗೆ ಬಂದಳು.

ಆ ಬ್ಯಾಕ್ಟೀರಿಯಾ ನಮ್ಮ ದನದಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಬೇಕಾದ್ರೆ ದನದ ಸಗಣಿ, ಬಾವಿ ನೀರು, ಆಯಿಯ ಮೂತ್ರ ಮೂರನ್ನೂ ತಗೊಂಡು ಬ್ಯಾಕ್ಟೀರಿಯಾದ ಜೀನ್‌ಗಳನ್ನ ಹೋಲಿಸಿ ನೋಡಬೇಕು. ಅದನ್ನ ಯಾರೂ ಮಾಡಲಿಲ್ಲ. ನನ್ನ ತಕರಾರು ಇರೋದೇ ಅಲ್ಲಿ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ದನ, ಕೋಳಿ, ಸಿಗಡಿ, ಮನುಷ್ಯ ಎಲ್ಲರೂ ಒಂದೇ ಮಳೆನೀರಿನಲ್ಲಿ ನೆನೆಯೋರು. ಪರೀಕ್ಷೆ ಮಾತ್ರ ವಿದೇಶಕ್ಕೆ ಹೋಗೋ ಸಿಗಡಿಗೆ ಆಗುತ್ತೆ.

ಪ್ರತಿರೋಧ ನಮ್ಮದಲ್ಲ, ಬ್ಯಾಕ್ಟೀರಿಯಾದ್ದು

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. 'ಆ್ಯಂಟಿಬಯಾಟಿಕ್ ಪ್ರತಿರೋಧ' ಅಂದಾಗ ಎಷ್ಟೋ ಜನ ನಮ್ಮ ಮೈಗೆ ಔಷಧ ಅಭ್ಯಾಸ ಆಗಿಬಿಡ್ತು ಅಂದ್ಕೊಳ್ತಾರೆ. ಹಾಗಲ್ಲ. ಔಷಧಕ್ಕೆ ಬಗ್ಗದೇ ಇರೋದು ಬ್ಯಾಕ್ಟೀರಿಯಾ. ಹಾಗಾಗಿ ಜೀವನದಲ್ಲಿ ಒಂದು ಮಾತ್ರೆಯನ್ನೂ ನುಂಗದವರಿಗೂ ಇಂಥ ಬ್ಯಾಕ್ಟೀರಿಯಾ ತಗುಲಬಹುದು.

ಅನುಕೂಲ ಸಿಕ್ಕಿದ್ರೆ ಇ. ಕೋಲಿ ಸುಮಾರು 20 ನಿಮಿಷಕ್ಕೆ ಒಂದು ಇದ್ದಿದ್ದು ಎರಡಾಗುತ್ತೆ. ಕೋಟಿಗಟ್ಟಲೆ ಮರಿಗಳಲ್ಲಿ ಎಲ್ಲೋ ಒಂದರ ಜೀನ್‌ನಲ್ಲಿ ಔಷಧದಿಂದ ತಪ್ಪಿಸ್ಕೊಳ್ಳೋ ಬದಲಾವಣೆ ಇರುತ್ತೆ. ಔಷಧ ಬಿದ್ದಾಗ ಉಳಿದವೆಲ್ಲ ಸಾಯ್ತವೆ, ಅದೊಂದು ಉಳಿಯುತ್ತೆ, ಖಾಲಿಯಾದ ಜಾಗದಲ್ಲಿ ಅದರ ಸಂತಾನ ತುಂಬ್ಕೊಳ್ಳುತ್ತೆ. ಇಷ್ಟೇ ಆಗಿದ್ರೆ ಸಮಸ್ಯೆ ನಿಧಾನಕ್ಕೆ ಬೆಳೀತಿತ್ತು. ಆದ್ರೆ ಈ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಅನ್ನೋ ಬಿಡಿ ಉಂಗುರದ ಮೇಲಿರುತ್ತೆ. ಒಂದು ಬ್ಯಾಕ್ಟೀರಿಯಾ ತನ್ನ ಸಂತಾನವಲ್ಲದ, ತನ್ನ ಜಾತಿಯೂ ಅಲ್ಲದ ಇನ್ನೊಂದಕ್ಕೆ ಆ ಉಂಗುರದ ನಕಲನ್ನ ದಾಟಿಸಬಲ್ಲದು. ಪರೀಕ್ಷೆ ಹಾಲ್‌ನಲ್ಲಿ ಚೀಟಿ ಪಾಸ್ ಮಾಡಿದ ಹಾಗೆ. ಒಂದೇ ಚೀಟಿಯಲ್ಲಿ ನಾಲ್ಕೈದು ಪ್ರಶ್ನೆಗೆ ಉತ್ತರ ಬರೆದಿರೋದೂ ಉಂಟು. ಅಂದ್ರೆ ಒಂದು ಔಷಧ ಬಳಸಿದ್ರೆ ಬೇರೆ ನಾಲ್ಕಕ್ಕೂ ಪ್ರತಿರೋಧ ಇರೋ ಬ್ಯಾಕ್ಟೀರಿಯಾ ಉಳ್ಕೊಂಡುಬಿಡುತ್ತೆ. ದನದ ಹೊಟ್ಟೆಯ ನಿರುಪದ್ರವಿ ಬ್ಯಾಕ್ಟೀರಿಯಾ ಮನುಷ್ಯನ ಹೊಟ್ಟೆಗೆ ಬಂದು ನಾಲ್ಕು ದಿನ ಇದ್ದು ಹೋದ್ರೂ ಸಾಕು, ಚೀಟಿಯನ್ನ ಅಲ್ಲಿ ಬಿಟ್ಟು ಹೋಗಿರಬಹುದು.

ಕೋಳಿಯಿಂದ ಮನೆಯವರಿಗೆ

ಪ್ರಾಣಿಗಳಿಗೆ ಆ್ಯಂಟಿಬಯಾಟಿಕ್ ಕೊಡೋದು ಬರೀ ಕಾಯಿಲೆಗಲ್ಲ. 1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್ ಒಂದು ವಿಷಯ ಗಮನಿಸಿದ್ರು. ಆರಿಯೋಮೈಸಿನ್ ತಯಾರಿಸಿ ಉಳಿದ ಗಸಿಯನ್ನ ಕೋಳಿಮರಿಗಳಿಗೆ ತಿನ್ನಿಸಿದ್ರೆ ಅವು ಬೇಗ ತೂಕ ಹಾಕ್ತಿದ್ದವು. ಅಲ್ಲಿಂದ ಆ್ಯಂಟಿಬಯಾಟಿಕ್ ಮೇವಿನ ಚೀಲಕ್ಕೆ ಸೇರಿತು. ರೋಗ ಇಲ್ಲದ ಪ್ರಾಣಿಗೆ, ದಿನಾ, ಚೂರು ಚೂರೇ. ಬ್ಯಾಕ್ಟೀರಿಯಾಗೆ ತಾಲೀಮು ಕೊಡೋಕೆ ಇದಕ್ಕಿಂತ ಒಳ್ಳೆ ವಿಧಾನ ಇಲ್ಲ.

ಇದು ಮನುಷ್ಯರಿಗೆ ದಾಟುತ್ತಾ ಅನ್ನೋದನ್ನ ಸ್ಟುವರ್ಟ್ ಲೆವಿ ಅನ್ನೋ ವೈದ್ಯ-ವಿಜ್ಞಾನಿ ಬಾಸ್ಟನ್ ಹತ್ತಿರದ ಒಂದು ಫಾರ್ಮಿನಲ್ಲಿ ನೋಡಿದ್ರು. ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಮೇವು ಹಾಕಿ, ಕೋಳಿಗಳ ಹಿಕ್ಕೆಯನ್ನೂ ಫಾರ್ಮಿನವರ ಮಲವನ್ನೂ ತಿಂಗಳುಗಟ್ಟಲೆ ಪರೀಕ್ಷಿಸಿದ್ರು. ಒಂದೆರಡು ವಾರದಲ್ಲೇ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್‌ಗೆ ಬಗ್ಗದಂತಾದವು. ಐದಾರು ತಿಂಗಳಲ್ಲಿ ಫಾರ್ಮಿನ ಜನರ ಹೊಟ್ಟೆಯಲ್ಲೂ ಅಂಥವು ಹೆಚ್ಚಿದ್ದವು. ಅಕ್ಕಪಕ್ಕದ ಮನೆಯವರಲ್ಲಿ ಹಾಗಾಗಿರಲಿಲ್ಲ. ಈ ಅಧ್ಯಯನ ಪ್ರಕಟವಾಗಿದ್ದು 1976ರಲ್ಲಿ. ಅಂದ್ರೆ ಜಗತ್ತಿಗೆ ವಿಷಯ ಗೊತ್ತಾಗಿ ಅರ್ಧ ಶತಮಾನ ಆಯ್ತು. ಬೆಳವಣಿಗೆಗಂತ ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸೋದನ್ನ ಸ್ವೀಡನ್ 1986ರಲ್ಲಿ ನಿಲ್ಲಿಸಿತು, ಯುರೋಪಿಯನ್ ಯೂನಿಯನ್ ಪೂರ್ತಿಯಾಗಿ ನಿಲ್ಲಿಸಿದ್ದು 2006ರಲ್ಲಿ.

ಇನ್ನು ಕೊಲಿಸ್ಟಿನ್ ಕಥೆ. ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಐಸಿಯುನಲ್ಲಿ ಕೊನೆಯದಾಗಿ ಕೊಡೋ ಔಷಧ ಅದು. ಅದೇ ಔಷಧ ಕೋಳಿ, ಹಂದಿಗಳ ಮೇವಿನಲ್ಲೂ ಇತ್ತು. 2015ರ ನವೆಂಬರಿನಲ್ಲಿ ಚೀನಾದ ಸಂಶೋಧಕರು ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ಎಂಸಿಆರ್-1 ಅನ್ನೋ ಜೀನನ್ನ ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಕಂಡ ವರದಿ ಪ್ರಕಟಿಸಿದ್ರು. ಅದು ಪ್ಲಾಸ್ಮಿಡ್ ಮೇಲಿತ್ತು, ಅಂದ್ರೆ ಪಾಸ್ ಮಾಡಬಹುದಾದ ಚೀಟಿ. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು-ಸಿಗಡಿ ಕೃಷಿ ಮತ್ತು ಮೇವಿನಲ್ಲಿ ಕೊಲಿಸ್ಟಿನ್ ನಿಷೇಧಿಸಿತು. ಒಳ್ಳೆ ಕೆಲಸ. ಆದ್ರೆ ನಿಷೇಧ ಅಂದಕೂಡ್ಲೆ ಮುಗೀತು ಅಂದ್ಕೋಬೇಡಿ. ರಣಹದ್ದುಗಳನ್ನ ಕೊಂದ ಡೈಕ್ಲೋಫಿನಾಕ್ ನೆನಪಿದೆಯಾ? ದನಗಳಿಗೆ ಅದನ್ನ ಕೊಡೋದನ್ನ 2006ರಲ್ಲೇ ನಿಲ್ಲಿಸಿದ್ರು. ಮನುಷ್ಯರ ಹೆಸರಲ್ಲಿ ಮಾರುವ ದೊಡ್ಡ ಬಾಟಲಿಗಳಿಂದ ದನಗಳಿಗೆ ಹೋಗ್ತಾನೇ ಇತ್ತು, ಆ ಬಾಟಲಿಗಳನ್ನ 3 ಮಿ.ಲೀ.ಗೆ ಇಳಿಸೋಕೆ 2015 ಬರಬೇಕಾಯ್ತು.

ದಾರಿ ಒಮ್ಮುಖದ್ದಲ್ಲ ಅನ್ನೋದೂ ಗೊತ್ತಿರ್ಲಿ. ಕೋಳಿಗಳ ಕಾಲು ಊದಿಸುವ ಒಂದು ಸ್ಟ್ಯಾಫಿಲೋಕಾಕಸ್ ತಳಿಯ ಮೂಲ ಹುಡುಕಿದಾಗ, ಅದು ಕೆಲವೇ ದಶಕಗಳ ಹಿಂದೆ ಮನುಷ್ಯರಿಂದ ಕೋಳಿಗೆ ಜಿಗಿದಿದ್ದು ಅಂತ 2009ರ ಅಧ್ಯಯನವೊಂದು ತೋರಿಸಿತು. ಮಗುವಿಗೆ ತಂದು ಉಳಿದ ಸಿರಪ್ಪನ್ನ ಕರುವಿಗೆ ಕುಡಿಸಿದ್ದನ್ನ ನಾನೇ ನೋಡಿದ್ದೇನೆ.

ಇದು ಮಾಂಸ ತಿನ್ನೋರ ಸಮಸ್ಯೆ ಅಲ್ಲ

ನಮ್ಮ ಕರಾವಳಿಯಲ್ಲಿ ಯಾವ ಕಾಯಿಲೆಯ ಸುದ್ದಿ ಬಂದ್ರೂ ವಾಟ್ಸಾಪಿನಲ್ಲಿ ಅದಕ್ಕೊಂದು ಧರ್ಮ, ಒಂದು ಊಟದ ತಟ್ಟೆ ಅಂಟಿಸೋ ಚಾಳಿ ಇದೆ. ಭಟ್ಕಳದ ಹೆಸರು ಬಂದ್ರಂತೂ ಕೇಳೋದೇ ಬೇಡ. ಅದಕ್ಕೆ ನೇರವಾಗಿ ಹೇಳ್ತೇನೆ: ನಮ್ಮ ಮನೆಯಲ್ಲಿ ಕೋಳಿ ಬೇಯಿಸಲ್ಲ, ಮೀನೂ ಇಲ್ಲ. ಆದರೂ ಆಯಿಯ ರಿಪೋರ್ಟ್ ತುಂಬ 'ಆರ್' ಇತ್ತು.

ಚೆನ್ನಾಗಿ ಬೆಂದ ಬಿರಿಯಾನಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಇಲ್ಲ. ಅಪಾಯ ಇರೋದು ಅದಕ್ಕೂ ಮುಂಚೆ. ಕೋಳಿ ಕತ್ತರಿಸಿದ ಮಣೆಯ ಮೇಲೇ ಈರುಳ್ಳಿ ಹೆಚ್ಚಿದಾಗ, ಹಸಿ ಕೋಳಿ ಹಿಡಿದ ಕೈಯಲ್ಲಿ ನಲ್ಲಿ ತಿರುಗಿಸಿದಾಗ, ಅಂಗಡಿಯ ತೊಳೆದ ನೀರು ಗಟಾರಕ್ಕೆ ಹೋದಾಗ. ಹೆಚ್ಚು ಅಪಾಯ ತಿನ್ನೋರಿಗಲ್ಲ, ದಿನಾ ಪಂಜರಕ್ಕೆ ಕೈ ಹಾಕಿ ಕೋಳಿ ಹಿಡಿಯೋ ಹುಡುಗರಿಗೆ.

ಸಸ್ಯಾಹಾರಿ ಮನೆಗಳಿಗೆ ಕೊಟ್ಟಿಗೆಯ ದಾರಿ ಇದೆ. ದನಕ್ಕೆ ಕೊಟ್ಟ ಔಷಧದಲ್ಲಿ ಒಂದು ಪಾಲು ಹಾಗೇ ಸಗಣಿ, ಗಂಜಲದಲ್ಲಿ ಹೊರಗೆ ಬರುತ್ತೆ, ಜೊತೆಗೆ ಬಗ್ಗದ ಬ್ಯಾಕ್ಟೀರಿಯಾನೂ ಬರುತ್ತೆ. ಅದು ಗೊಬ್ಬರಗುಂಡಿಗೆ ಹೋಗುತ್ತೆ, ಅಲ್ಲಿಂದ ತೋಟಕ್ಕೆ, ಬಸಳೆ ಚಪ್ಪರದ ಬುಡಕ್ಕೆ. ಆಮೇಲೆ ಮಳೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯೋ ಊರು ನಮ್ಮದು. ಕಟ್ಟೆ ಸರಿಯಿಲ್ಲದ ಬಾವಿ, ಅದರ ಹತ್ತಿರ ಗೊಬ್ಬರಗುಂಡಿ, ಇನ್ನೊಂದು ಕಡೆ ಪಾಯಖಾನೆ ಗುಂಡಿ, ನಡುವೆ ನೀರು ಇಳಿಯೋ ಜಂಬಿಟ್ಟಿಗೆಯ ನೆಲ. ಯಾರ ಹೊಟ್ಟೆಯದು ಯಾರ ಹೊಟ್ಟೆಗೆ ಹೋಯ್ತು ಅಂತ ಹೇಳೋಕಾಗಲ್ಲ. ಮಳೆಗಾಲದಲ್ಲಿ ನೀರು ಕುದಿಸಿ ಕುಡೀರಿ ಅಂತ ಅಜ್ಜಿ ಕಾಲದಿಂದ ಹೇಳೋ ಮಾತಿಗೆ ಈಗ ಇದೂ ಒಂದು ಕಾರಣ.

ಹಾಲಿನ ವಿಷಯಕ್ಕೆ ಬಂದ್ರೆ ನಾವು ತಪ್ಪಿತಸ್ಥರು. 2012ರಿಂದ ನಿಯಮ ಸ್ಪಷ್ಟ ಇದೆ. ಪ್ರಾಣಿಗಳ ಔಷಧದ ಲೇಬಲ್ ಮೇಲೆ, ಕೊನೆಯ ಡೋಸ್ ಆಗಿ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಅಂತ ಬರೆದಿರಬೇಕು. ನಿರ್ದಿಷ್ಟ ಅವಧಿ ಗೊತ್ತಿಲ್ಲದ ಔಷಧಕ್ಕೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಮೀನಿಗೆ 500 'ಡಿಗ್ರಿ ದಿನ' ಅಂತ ಲೆಕ್ಕ, ಅಂದ್ರೆ ನೀರು 25 ಡಿಗ್ರಿ ಇದ್ರೆ 20 ದಿನ. ನಾವು ಮೂರನೇ ದಿನವೇ ಹಾಲನ್ನ ಸೊಸೈಟಿಗೆ ಹಾಕಿದ್ವಿ. ನಮ್ಮೂರಲ್ಲಿ ಹಾಲು ಅಳೆಯೋವಾಗ ನಾನು ನೋಡಿದ್ದು ಫ್ಯಾಟ್ ಮತ್ತು ಡಿಗ್ರಿ ಮಾತ್ರ. ಆ್ಯಂಟಿಬಯಾಟಿಕ್ ಇದೆಯಾ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಏಳು ದಿನದ ಹಾಲು ಚೆಲ್ಲಿದ್ರೆ ಆ ತಿಂಗಳ ಹಿಂಡಿಯ ದುಡ್ಡು ಯಾರು ಕೊಡ್ತಾರೆ? ಈ ಪ್ರಶ್ನೆಗೆ ಉತ್ತರ ಕೊಡದೆ ರೈತರಿಗೆ 'ಜಾಗೃತಿ' ಮೂಡಿಸ್ತೀವಿ ಅನ್ನೋದು ಬರೀ ಬಾಯಿಮಾತು.

ಅಘನಾಶಿನಿಯಲ್ಲಿ ಸಿಗಡಿ, ಬ್ರಸೆಲ್ಸ್‌ನಲ್ಲಿ ಪರೀಕ್ಷೆ

ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನ ನೋಡದವರಿಗೆ ಎರಡು ಮಾತು. ಉಬ್ಬರದ ಉಪ್ಪುನೀರು ಬರೋ ತಗ್ಗು ಭೂಮಿ ಅದು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನ ತೊಳೆದಾಗ ಕಗ್ಗ ಭತ್ತ ಬೆಳೀತಾರೆ. ಕೊಯ್ಲಾದ ಮೇಲೆ ತೂಬು ತೆರೆದು ಉಬ್ಬರದ ನೀರು ಬಿಟ್ಟರೆ ಮೀನು, ಸಿಗಡಿ ತಾವಾಗೇ ಒಳಗೆ ಬರ್ತವೆ. ಮೇವೂ ಬೇಡ, ಔಷಧವೂ ಬೇಡ. ಈ ಪದ್ಧತಿಯ ಪಕ್ಕದಲ್ಲೇ, ಮರಿ ತಂದು ಬಿಟ್ಟು, ಚೀಲದ ಮೇವು ಹಾಕಿ ಒತ್ತೊತ್ತಾಗಿ ಸಾಕುವ ಹೊಂಡಗಳು ಬಂದವು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೃಷಿಯನ್ನೇ ಮಲಗಿಸಿತು. ಅದು ವೈರಸ್ಸಿನ ರೋಗ, ಆ್ಯಂಟಿಬಯಾಟಿಕ್ಕಿಗೆ ಸಂಬಂಧವೇ ಇಲ್ಲ. ಆದ್ರೆ ಸಾಲ ಮಾಡಿ ಹೊಂಡ ತುಂಬಿಸಿದವನ ಕಣ್ಣೆದುರು ಸಿಗಡಿ ಸಾಯ್ತಿರುವಾಗ, ಅಂಗಡಿಯವನು ಕೊಟ್ಟಿದ್ದನ್ನ ಅವನು ಹಾಕದೇ ಇರ್ತಾನಾ?

ಮಿತಿ ಹಾಕಿದ್ದು ಕೊಳ್ಳೋರು. 2000ದ ದಶಕದ ಶುರುವಿನಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಅಂಶ ಸಿಕ್ಕ ಸಿಗಡಿಯನ್ನ ಯುರೋಪ್ ತಿರಸ್ಕರಿಸೋಕೆ ಹಿಡೀತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು, ಬಳಸಬಾರದ ಔಷಧಗಳ ಪಟ್ಟಿ ಬಂತು. 2016ರಲ್ಲಿ ಯುರೋಪಿಯನ್ ಯೂನಿಯನ್ ಭಾರತದ ಸಾಕಿದ ಸಿಗಡಿಯ ತಪಾಸಣೆಯನ್ನ ನೂರಕ್ಕೆ 10 ಲೋಡಿನಿಂದ 50ಕ್ಕೆ ಏರಿಸಿತು. ಯುರೋಪಿಗೆ ಹೋಗೋ ಸಿಗಡಿಯನ್ನ ಹೊಂಡದಿಂದ ತೆಗೆಯೋ ಮುಂಚೆಯೇ ಎಂಪಿಇಡಿಎ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು. ಇದನ್ನ ನಾನು ದೂರ್ತಿಲ್ಲ. ಪರೀಕ್ಷೆ ಸಾಧ್ಯ, ರೈತರು ಅದಕ್ಕೆ ಹೊಂದ್ಕೊಳ್ತಾರೆ ಅನ್ನೋದಕ್ಕೆ ಇದೇ ಸಾಕ್ಷಿ. ನನ್ನ ಪ್ರಶ್ನೆ ಇಷ್ಟೇ: ಬ್ರಸೆಲ್ಸ್‌ನ ತಟ್ಟೆಗೆ ಸಿಗೋ ಈ ಕಾಳಜಿ ಹೊನ್ನಾವರದ ಸಂತೆಗೆ ಯಾಕೆ ಸಿಗಲ್ಲ? ದೇಶದೊಳಗಿನ ಆಹಾರಕ್ಕೂ ಎಫ್‌ಎಸ್‌ಎಸ್‌ಎಐ ಮಿತಿಗಳಿವೆ, ಆದ್ರೆ ಲೋಡ್ ವಾಪಸ್ ಕಳಿಸ್ತೀನಿ ಅನ್ನೋ ಕೊಳ್ಳುಗ ನಮ್ಮ ಸಂತೆಯಲ್ಲಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ರಫ್ತಿನ ಆ ಪರೀಕ್ಷೆ ಹುಡುಕೋದು ಸಿಗಡಿಯ ಮಾಂಸದಲ್ಲಿ ಉಳಿದ ಔಷಧವನ್ನ, ಬಗ್ಗದ ಬ್ಯಾಕ್ಟೀರಿಯಾವನ್ನಲ್ಲ. ಔಷಧ ನಿಲ್ಲಿಸಿ ಸ್ವಲ್ಪ ದಿನ ಕಾದ್ರೆ ಮಾಂಸ 'ಪಾಸ್' ಆಗುತ್ತೆ. ಅಷ್ಟರಲ್ಲಿ ಹೊಂಡದಲ್ಲಿ ತಯಾರಾದ ಬ್ಯಾಕ್ಟೀರಿಯಾ ನೀರಿನ ಜೊತೆ ಅಳಿವೆ ಸೇರಿರುತ್ತೆ. ಅಳಿವೆಯಲ್ಲಿ ಬೆಳಚು, ಚಿಪ್ಪಿ ಇರ್ತವೆ. ಇಡೀ ದಿನ ನೀರನ್ನ ಸೋಸಿ ಬದುಕೋ ಜೀವಗಳು ಅವು, ನೀರಿನಲ್ಲಿರೋ ಬ್ಯಾಕ್ಟೀರಿಯಾ ಅವುಗಳ ಮೈಯಲ್ಲಿ ಒಟ್ಟಾಗುತ್ತೆ. ಸೊಂಟದ ತನಕ ಆ ನೀರಿನಲ್ಲಿ ನಿಂತು ಬೆಳಚು ಆರಿಸೋ ಹೆಂಗಸರ ಕಾಲಿನ ಗಾಯಕ್ಕೆ ಯಾವ ಬ್ಯಾಕ್ಟೀರಿಯಾ ಸೇರುತ್ತೆ ಅನ್ನೋದು ರಫ್ತಿನ ಫಾರಂನಲ್ಲಿ ಇರಲ್ಲ. ಈ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು. ಹಕ್ಕಿ ಎಣಿಸೋರು ಬರ್ತಾರೆ, ಬರಲಿ. ನೀರಿನ ಬ್ಯಾಕ್ಟೀರಿಯಾ ಎಣಿಸೋರೂ ಬರಬೇಕಲ್ಲ.

ಸತ್ತ ಮಂಗ ಕಂಡರೆ ತಿಳಿಸೋ ಜನ ನಾವು

ಪ್ರಾಣಿ ಡಾಕ್ಟ್ರು, ಮನುಷ್ಯರ ಡಾಕ್ಟ್ರು, ಅರಣ್ಯ ಇಲಾಖೆ ಒಟ್ಟಿಗೆ ಕೂತು ಕೆಲಸ ಮಾಡೋದು ಇಲ್ಲೆಲ್ಲ ಆಗದ ಮಾತು ಅಂತೀರಾ? ಹೊನ್ನಾವರ, ಭಟ್ಕಳ, ಸಿದ್ದಾಪುರದ ಜನಕ್ಕೆ ಕೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಆಮೇಲೆ ನಮ್ಮ ಕಡೆಗೂ ಬಂತು. ಅಂದಿನಿಂದ ಕಾಡಂಚಿನ ಮನೆಗಳಿಗೆ ಒಂದು ಪಾಠ ಗೊತ್ತು: ಮಂಗ ಸತ್ತಿದ್ದು ಕಂಡರೆ ತಿಳಿಸಬೇಕು. ಮಂಗ ಸತ್ತ ಜಾಗದ ಸುತ್ತ ಉಣ್ಣೆ ಹುಡುಕ್ತಾರೆ, ಜನರ ರಕ್ತ ಪರೀಕ್ಷೆ ಮಾಡ್ತಾರೆ. ಪ್ರಾಣಿಯ ಸಾವು ಮನುಷ್ಯರಿಗೆ ಮುನ್ಸೂಚನೆ ಅನ್ನೋ ವ್ಯವಸ್ಥೆ ಇಲ್ಲಿ ಆಗಲೇ ಇದೆ, ಎಷ್ಟೇ ಕೊರತೆ ಇದ್ರೂ. ಬ್ಯಾಕ್ಟೀರಿಯಾಗೆ ಅದನ್ನ ವಿಸ್ತರಿಸೋಕೆ ಹೊಸ ತತ್ವ ಏನೂ ಬೇಕಿಲ್ಲ, ಲ್ಯಾಬ್ ಬೇಕು. ಮಂಗನ ಸಾವು ಕಣ್ಣಿಗೆ ಕಾಣುತ್ತೆ. ಇದು ಕಲ್ಚರ್ ಮಾಡದೇ ಕಾಣಲ್ಲ.

ಐಸಿಎಂಆರ್ ದೇಶದ ದೊಡ್ಡ ಆಸ್ಪತ್ರೆಗಳಿಂದ ಪ್ರತಿವರ್ಷ ಅಂಕಿ ತೆಗೀತದೆ. ಅವರ ವರದಿಯ ಪ್ರಕಾರ 2017ರಲ್ಲಿ ಪರೀಕ್ಷಿಸಿದ ಇ. ಕೋಲಿಗಳಲ್ಲಿ ಇಮಿಪೆನೆಮ್ ಅನ್ನೋ ಬಲವಾದ ಔಷಧಕ್ಕೆ ಬಗ್ಗುತ್ತಿದ್ದವು ಶೇ. 81ರಷ್ಟು, 2023ರಲ್ಲಿ ಶೇ. 63ರ ಆಸುಪಾಸು. ಪ್ರಾಣಿಗಳ ಕಡೆ ಐಸಿಎಆರ್ ಮತ್ತು ಎಫ್‌ಎಒ ಸೇರಿ 'ಇನ್‌ಫಾರ್' ಅನ್ನೋ ಜಾಲ ಕಟ್ಟಿವೆ. ಎರಡೂ ಬೇಕಾದ ಕೆಲಸಗಳೇ. ಆದ್ರೆ ಒಂದೇ ತಾಲೂಕಿನ ದನ, ಬಾವಿ, ರೋಗಿಯನ್ನ ಒಂದೇ ಕಡತದಲ್ಲಿ ಇಟ್ಟು ನೋಡದಿದ್ರೆ ಆಯಿಯ 'ಆರ್' ಎಲ್ಲಿಂದ ಬಂತು ಅನ್ನೋದು ಎಂದೂ ತಿಳಿಯಲ್ಲ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನ ಕರೆದೊಯ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಆಮೇಲೆ ಉತ್ತರ ಕನ್ನಡದ ನಮ್ಮ ವಯಸ್ಸಿನವರೆಲ್ಲ ಆಸ್ಪತ್ರೆ ಬೇಕು, ಇಲ್ಲದಿದ್ರೆ ವೋಟಿಲ್ಲ ಅಂತ ಹ್ಯಾಶ್‌ಟ್ಯಾಗ್ ಹಿಡಿದ್ವಿ. ಆ ಬೇಡಿಕೆಯ ಜೊತೆ ನಾನು ಈಗಲೂ ಇದ್ದೇನೆ. ಆದ್ರೆ ನಾವೆಲ್ಲ ಕೇಳಿದ್ದು ಕಟ್ಟಡ, ಹೃದ್ರೋಗ ವಿಭಾಗ, ಟ್ರಾಮಾ ಸೆಂಟರ್. ಮೈಕ್ರೋಬಯಾಲಜಿ ಲ್ಯಾಬ್ ಅಂತ ಒಬ್ಬರೂ ಪೋಸ್ಟರ್ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಸೂಪರ್ ಸ್ಪೆಷಾಲಿಟಿ ಕಟ್ಟಡಕ್ಕೆ ಹೋಲಿಸಿದ್ರೆ ಇದರ ಖರ್ಚು ಚಿಲ್ಲರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ಕಲ್ಚರ್ ಆಯ್ತು, ಪಶು ಆಸ್ಪತ್ರೆಯಿಂದ ಎಷ್ಟು ಹಾಲಿನ ಸ್ಯಾಂಪಲ್ ಲ್ಯಾಬಿಗೆ ಹೋಯ್ತು ಅಂತ ಆರ್‌ಟಿಐ ಹಾಕಿ ಕೇಳಬಹುದು, ಹತ್ತು ರೂಪಾಯಿ ಶುಲ್ಕ. ಔಷಧದಂಗಡಿಗಳದ್ದೂ ಕೇಳಬಹುದು. 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯ ಆ್ಯಂಟಿಬಯಾಟಿಕ್‌ಗಳನ್ನ ಚೀಟಿ ಇಲ್ಲದೆ ಮಾರುವಂತಿಲ್ಲ, ರೋಗಿಯ ಮತ್ತು ವೈದ್ಯರ ಹೆಸರು ಬರೆದ ರಿಜಿಸ್ಟರನ್ನ ಮೂರು ವರ್ಷ ಇಟ್ಕೊಳ್ಳಬೇಕು. ಎಷ್ಟು ಅಂಗಡಿಯ ರಿಜಿಸ್ಟರ್ ತಪಾಸಣೆ ಆಗಿದೆ?

ಈ ವರ್ಷ ಅದೇ ದನಕ್ಕೆ ಮತ್ತೆ ಬಾವು ಬಂತು. ಪಶುವೈದ್ಯರ ಹತ್ರ ಹಾಲಿನ ಸ್ಯಾಂಪಲ್ ಕಳಿಸೋಣವಾ ಅಂತ ಕೇಳಿದೆ. ಸ್ವಲ್ಪ ಆಶ್ಚರ್ಯಪಟ್ಟು, ಕಳಿಸೋಣ ಅಂದ್ರು. ಬಾವು ಈಗಷ್ಟೇ ಶುರುವಾಗಿದ್ದರಿಂದ ಅಲ್ಲಿಯವರೆಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚಿ ನೋಡೋಣ ಅಂದ್ರು. ಇದು ಅಜ್ಜಿಮದ್ದು ಅಂತ ನಗಬೇಡಿ, ಆ್ಯಂಟಿಬಯಾಟಿಕ್ ಕಡಿಮೆ ಮಾಡೋಕೆ ಎನ್‌ಡಿಡಿಬಿಯೇ ಹಾಲಿನ ಒಕ್ಕೂಟಗಳ ಮೂಲಕ ಹೇಳ್ಕೊಡೋ ಲೇಪ. ದಿನಕ್ಕೆ ಹತ್ತು ಸಲ ಹಚ್ಚಬೇಕು ಅನ್ನೋದೊಂದೇ ಕಷ್ಟ. ಮೂರು ಮೊಲೆ ಸರಿಹೋದವು, ಒಂದಕ್ಕೆ ಕೊನೆಗೆ ಇಂಜೆಕ್ಷನ್ನೇ ಬೇಕಾಯ್ತು. ರಿಪೋರ್ಟ್ ನೋಡಿ ಬೇರೆ ಔಷಧ ಕೊಟ್ಟರು.

ಈ ಸಲ ಏಳು ದಿನ ಸೊಸೈಟಿಗೆ ಹಾಲು ಹಾಕಲಿಲ್ಲ. ಮೊದಲ ದಿನ ಆಯಿ ಆ ಹಾಲನ್ನ ಕರುವಿಗೆ ಕುಡಿಸೋಕೆ ಹೊರಟಿದ್ದಳು.

"ಬೇಡ ಆಯಿ, ಅದರ ಹೊಟ್ಟೆಗೂ ಔಷಧ ಹೋಗ್ತದೆ" ಅಂದೆ.

"ಹಂಗಾರೆ ತೆಂಗಿನ ಬುಡಕ್ಕೆ ಹೊಯ್ಯಲಾ?"

ತೆಂಗಿನ ಮರದಿಂದ ಬಾವಿಗೆ ಹದಿನೈದು ಹೆಜ್ಜೆ. ಕೊನೆಗೆ ಹಾಲನ್ನ ಕುದಿಸಿ, ತೋಟದ ಆಚೆ ತುದಿಯಲ್ಲಿ ಗುಂಡಿ ತೋಡಿ ಹೊಯ್ದೆವು. ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯ್ತವೆ, ಔಷಧ ಪೂರ್ತಿ ಹೋಗಲ್ಲ. ಅದು ಆಯಿಗೂ ಈಗ ಗೊತ್ತು.